ಬಲ್ಬ್ ಬದಲಿಸುವ ಮುನ್ನ ವೈರ್ ನೋಡಿ

ಮೂರು ವರ್ಷದ ಹಿಂದಿನ ಮಾತು. ಜನವರಿ ತಿಂಗಳು, ಕಬ್ಬಿನ ಹಂಗಾಮು. ಪುಣೆಯಿಂದ ಹುಬ್ಬಳ್ಳಿಗೆ ಹೊರಟಿದ್ದೆವು. ಗಾಡಿ ಅಪ್ಪನ 1979ರ ಪ್ರೀಮಿಯರ್ ಪದ್ಮಿನಿ. ಬೆಳಗ್ಗೆ ಹೊರಡಬೇಕಿದ್ದವರು ಮಧ್ಯಾಹ್ನ ಹೊರಟಿದ್ದೆವು, ಹಾಗಾಗಿ ಕೊಲ್ಲಾಪುರದಲ್ಲೇ ಕತ್ತಲಾಯಿತು. ಕಾಗಲ್ ದಾಟಿ ನಿಪ್ಪಾಣಿ ಕಡೆ ಬರುತ್ತಿರುವಾಗ ನಮ್ಮ ಮುಂದೆ, ನಮ್ಮದೇ ಲೇನಿನಲ್ಲಿ, ಒಂದು ಕಪ್ಪು ಗೋಡೆ ಎದ್ದು ನಿಂತ ಹಾಗಾಯಿತು. ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್. ಹಿಂದೆ ಕೆಂಪು ದೀಪ ಇಲ್ಲ, ರಿಫ್ಲೆಕ್ಟರ್ ಇದ್ದರೂ ಧೂಳಿನಲ್ಲಿ ಮುಚ್ಚಿಹೋಗಿತ್ತು. ಬ್ರೇಕ್ ಮೇಲೆ ನಿಂತೇ ಬಿಟ್ಟೆ. ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್ ಇರುವ ಗಾಡಿ ಅದು, ಇಂದಿನ ಕಾರಿನ ಹಾಗೆ ಗಕ್ಕನೆ ನಿಲ್ಲುವುದಿಲ್ಲ. ಕಬ್ಬಿನ ಸೋಗೆ ಬಾನೆಟ್ಟಿಗೆ ತಾಗುವುದಕ್ಕೆ ಒಂದು ಮಾರು ಇದೆ ಎನ್ನುವಾಗ ನಿಂತಿತು.

ಪಕ್ಕದಲ್ಲಿ ಕೂತಿದ್ದ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: 'ನನಗಂತೂ ಅದು ಕಾಣಲೇ ಇಲ್ಲ. ನಿನಗ ಕಂಡಿತ್ತೇನ್ ತಮ್ಮಾ?'

'ಇಲ್ಲಪಾ, ನನಗೂ ಕಾಣಲಿಲ್ಲ' ಅಂದೆ.

ಅಪ್ಪ ಈ ಪ್ರಶ್ನೆ ಕೇಳಿದ್ದಕ್ಕೆ ಕಾರಣವಿದೆ. ಹತ್ತು ವರ್ಷದಿಂದ ಅವರು ರಾತ್ರಿ ಗಾಡಿ ಓಡಿಸುವುದನ್ನೇ ಬಿಟ್ಟಿದ್ದರು. 'ದೀಪ ಮಿಣಿಮಿಣಿ ಅಂತಾವು, ರಸ್ತೆ ಕಾಣವಲ್ದು' ಎನ್ನುತ್ತಿದ್ದರು. ನಾವು ಅವರನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎರಡೂ ಕಣ್ಣಿಗೆ ಪೊರೆ ತೆಗೆಸಿದ್ದಾಯಿತು. ಆಮೇಲೂ ಅವರು ಅದೇ ಮಾತು ಹೇಳಿದಾಗ ಮನೆಯವರೆಲ್ಲ ಸೇರಿ ತೀರ್ಪು ಕೊಟ್ಟೆವು: 'ವಯಸ್ಸಾಯ್ತಪಾ, ಇನ್ನು ರಾತ್ರಿ ಸ್ಟೀರಿಂಗ್ ಹಿಡೀಬ್ಯಾಡ.' ಅವರೂ ಒಪ್ಪಿಕೊಂಡರು. ಆ ರಾತ್ರಿ ನಿಪ್ಪಾಣಿ ರಸ್ತೆಯಲ್ಲಿ, ಕನ್ನಡಕವೂ ಇಲ್ಲದ ನನ್ನ ಕಣ್ಣಿಗೂ ಟ್ರೇಲರ್ ಕಾಣದೇ ಹೋದಾಗ ಮೊದಲ ಬಾರಿಗೆ ಸಂಶಯ ಬಂತು. ನಾವು ಅಪ್ಪನ ಕಣ್ಣು ತೋರಿಸಿದ್ದೆವು. ಗಾಡಿಯ ದೀಪವನ್ನು ಯಾರಿಗೂ ತೋರಿಸಿರಲಿಲ್ಲ.

ಹೊರನಾಡಿನಲ್ಲಿರುವ ನಮ್ಮಲ್ಲಿ ಹಲವರ ಪಾರ್ಕಿಂಗಿನಲ್ಲಿ ಇಂಥ ಒಂದು ಗಾಡಿ ಇದೆ. ಅಪ್ಪನದೋ ಮಾವನದೋ ಪದ್ಮಿನಿ, ಅಂಬಾಸಿಡರ್, ಇಲ್ಲವೇ ಹಳೆಯ ಮಾರುತಿ. ಭಾನುವಾರ ಒರೆಸುತ್ತೇವೆ, ಹಬ್ಬಕ್ಕೆ ಊರಿಗೆ ಒಯ್ಯುತ್ತೇವೆ. ಅವರಿಗಾಗಿಯೇ ಈ ಬರಹ.

ದೊಡ್ಡ ಬಲ್ಬ್ ಎಂಬ ತಪ್ಪು

ಊರಿಂದ ಮರಳಿದ ಮೇಲೆ ನಾನು ಮಾಡಿದ ಮೊದಲ ಕೆಲಸ ಎಲ್ಲರೂ ಮಾಡುವ ತಪ್ಪೇ. ಬಿಡಿಭಾಗದ ಅಂಗಡಿಗೆ ಹೋಗಿ 'ಜಾಸ್ತಿ ಬೆಳಕಿಂದು ಕೊಡಿ' ಎಂದೆ. ಸಾಮಾನ್ಯವಾಗಿ ಇಂಥ ಗಾಡಿಗೆ ಹಾಕುವುದು ಎಚ್4 ಬಲ್ಬ್. ಹೈ ಬೀಮಿಗೆ 60 ವ್ಯಾಟ್, ಡಿಪ್‌ಗೆ 55 ವ್ಯಾಟ್. ಅಂಗಡಿಯವರು 100/90 ವ್ಯಾಟಿನ ಜೋಡಿ ಕೊಟ್ಟರು. ಹಾಕಿಸಿದೆ. ಬೆಳಕು ಹೇಳಿಕೊಳ್ಳುವಷ್ಟೇನೂ ಹೆಚ್ಚಲಿಲ್ಲ. ಎರಡನೇ ವಾರ, ರಾತ್ರಿ ಸಿಂಹಗಡ ರಸ್ತೆಯಲ್ಲಿ ಬರುವಾಗ, ಸ್ಟೀರಿಂಗ್ ಕೆಳಗಿಂದ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಕೈ ಹಾಕಿ ನೋಡಿದರೆ ದೀಪದ ಸ್ವಿಚ್ ಮುಟ್ಟಲಾಗದಷ್ಟು ಬಿಸಿ.

ಮರುದಿನ ಗಾಡಿಯನ್ನು ಒಬ್ಬ ಹಿರಿಯ ವೈರಿಂಗ್ ಮೇಸ್ತ್ರಿಯ ಬಳಿ ಒಯ್ದೆ. ಮೂಲ ಇಂಡಿ ತಾಲ್ಲೂಕಿನವರು. ಹುಡುಗರಾಗಿದ್ದಾಗ ಮುಂಬೈಗೆ ಹೋಗಿ ಕಾಲೀ-ಪೀಲಿ ಟ್ಯಾಕ್ಸಿಗಳ ವೈರಿಂಗ್ ಮಾಡುತ್ತ ಕೆಲಸ ಕಲಿತವರು. ಈಗ ಪುಣೆಯಲ್ಲಿ ಬ್ಯಾಟರಿ ಅಂಗಡಿಯ ಪಕ್ಕ ಒಂದು ಸಣ್ಣ ಜಾಗ. ನನ್ನ ಕನ್ನಡ ಕೇಳಿದ್ದೇ ಸ್ಟೂಲ್ ಎಳೆದು ಕೂಡಿಸಿದರು. ಬಲ್ಬ್ ಬಿಚ್ಚಿ ಕೈಯಲ್ಲಿ ಹಿಡಿದು ನಕ್ಕರು.

'ಸಾಹೇಬ್ರ, ಮನ್ಯಾಗ ಇದ್ದ ಮಂದಿಗೇ ಊಟ ಸಾಲವಲ್ದು, ನೀವು ಇನ್ನಿಬ್ರನ್ನ ಪಂಕ್ತಿಗೆ ಕೂಡ್ಸೀರಿ.'

ಆ ಒಂದು ಮಾತಿನಲ್ಲಿ ಇಡೀ ಪಾಠ ಇತ್ತು. ಉಳಿದದ್ದು ಲೆಕ್ಕ.

ಬೆಳಕು ಎಲ್ಲಿ ಸೋರಿತ್ತು

ಅಡುಗೆ ಮನೆಯ 500 ವ್ಯಾಟಿನ ಮಿಕ್ಸರ್ 230 ವೋಲ್ಟಿನಲ್ಲಿ ಎಳೆಯುವುದು ಸುಮಾರು 2 ಆಂಪಿಯರ್ ಕರೆಂಟ್. ಕಾರಿನ ಎರಡು ಹೈ ಬೀಮ್ ಬಲ್ಬ್ ಸೇರಿ ಬರೀ 120 ವ್ಯಾಟ್. ಆದರೆ ಬ್ಯಾಟರಿ 12 ವೋಲ್ಟಿನದು, ಹಾಗಾಗಿ ಅವು ಎಳೆಯುವುದು 10 ಆಂಪಿಯರ್. ವೋಲ್ಟ್ ಕಡಿಮೆ ಇದ್ದಷ್ಟೂ ಕರೆಂಟ್ ಹೆಚ್ಚು, ಕರೆಂಟ್ ಹೆಚ್ಚಿದಷ್ಟೂ ದಾರಿಯಲ್ಲಿ ನಷ್ಟ ಹೆಚ್ಚು. ಮನೆಯಲ್ಲಿ 230ರಲ್ಲಿ ಎರಡೂವರೆ ವೋಲ್ಟ್ ಹೋದರೆ ಯಾರಿಗೂ ತಿಳಿಯುವುದಿಲ್ಲ. ಕಾರಿನಲ್ಲಿ ಅಷ್ಟೇ ಹೋದರೆ ಐದರಲ್ಲಿ ಒಂದು ಪಾಲು ಹೋದ ಹಾಗೆ.

ಇನ್ನು ಆ ದಾರಿ ನೋಡಿ. ಬ್ಯಾಟರಿ ಬಾನೆಟ್ ಕೆಳಗಿದೆ, ದೀಪವೂ ಅಲ್ಲೇ ಮುಂದಿದೆ. ಆದರೆ ಕರೆಂಟ್ ನೇರ ಹೋಗುವುದಿಲ್ಲ. ಬ್ಯಾಟರಿಯಿಂದ ಹಿಂದಕ್ಕೆ ಡ್ಯಾಶ್‌ಬೋರ್ಡಿಗೆ ಬಂದು, ಸ್ವಿಚ್ ಹೊಕ್ಕು, ಡಿಪ್ಪರ್ ದಾಟಿ, ಫ್ಯೂಸ್ ದಾಟಿ, ಮತ್ತೆ ಮುಂದಕ್ಕೆ ದೀಪಕ್ಕೆ ಹೋಗುತ್ತದೆ. ದೀಪದಿಂದ ಮರಳುವಾಗ ಗಾಡಿಯ ತಗಡಿನ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ಸೇರುತ್ತದೆ. ಈ ದಾರಿಯ ಪ್ರತಿಯೊಂದು ಜೋಡಣೆಗೂ ನಲವತ್ತು ವರ್ಷ ವಯಸ್ಸು. ಹಿತ್ತಾಳೆಯ ಕ್ಲಿಪ್ ಹಸಿರು ಹಿಡಿದಿರುತ್ತದೆ. ಸ್ವಿಚ್ಚಿನ ಒಳಗಿನ ಸಂಪರ್ಕ ಕಿಡಿ ಹಾರಿ ಕಪ್ಪಾಗಿರುತ್ತದೆ. ಅರ್ಥಿಂಗ್ ಸ್ಕ್ರೂ ಕೆಳಗೆ ತುಕ್ಕು, ಅದರ ಮೇಲೆ ಎರಡು ಸಲ ಹೊಡೆದ ಪೇಂಟು.

ಮೇಸ್ತ್ರಿ ಹಳೆಯ 60/55 ಬಲ್ಬನ್ನೇ ಮತ್ತೆ ಹಾಕಿ, ಎಂಜಿನ್ ಸ್ವಲ್ಪ ಏರಿಸಿ, ದೀಪ ಉರಿಯುತ್ತಿರುವಾಗಲೇ ಮೀಟರ್ ಹಿಡಿದರು. ಬ್ಯಾಟರಿ ಮೇಲೆ 13.1 ವೋಲ್ಟ್. ಬಲ್ಬಿನ ಪಿನ್ನಿನಲ್ಲಿ 10.4. ಅಂದರೆ ದಾರಿಯಲ್ಲಿ 2.7 ವೋಲ್ಟ್ ಮಾಯ. ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್‌ಗೂ ಇನ್ನೊಂದನ್ನು ಬಲ್ಬಿನ ಕರೆಂಟ್ ಬರುವ ಪಿನ್ನಿಗೂ ಇಟ್ಟರು: 1.9. ಬ್ಯಾಟರಿಯ ನೆಗೆಟಿವ್‌ಗೂ ಬಲ್ಬಿನ ಅರ್ಥಿಂಗ್ ಪಿನ್ನಿಗೂ ಇಟ್ಟರು: 0.8. ಕಳ್ಳ ಎಲ್ಲಿದ್ದಾನೆ ಎಂದು ಎರಡೇ ನಿಮಿಷದಲ್ಲಿ ಗೊತ್ತಾಯಿತು. ಒಬ್ಬನಲ್ಲ, ಇಬ್ಬರು.

2.7 ವೋಲ್ಟ್ ಸಣ್ಣ ಸಂಖ್ಯೆಯಂತೆ ಕಾಣುತ್ತದೆ. ಆದರೆ ತಂತಿ ಕಾದು ಬೆಳಕು ಕೊಡುವ ಬಲ್ಬಿನಲ್ಲಿ ಬೆಳಕು ವೋಲ್ಟಿಗೆ ಸಮನಾಗಿ ಇಳಿಯುವುದಿಲ್ಲ, ಅದಕ್ಕಿಂತ ಬಹಳ ಬೇಗ ಇಳಿಯುತ್ತದೆ. ಸುಮಾರು ವೋಲ್ಟಿನ 3.4ನೇ ಘಾತದಂತೆ ಎನ್ನುವುದು ದೀಪದ ಎಂಜಿನಿಯರುಗಳು ಬಳಸುವ ಲೆಕ್ಕ. ವೋಲ್ಟ್ 10 ಶೇಕಡಾ ಇಳಿದರೆ ಬೆಳಕು 30 ಶೇಕಡಾ ಹೋಗುತ್ತದೆ. ನಮ್ಮ ಗಾಡಿಯಲ್ಲಿ ಇಳಿದದ್ದು 20 ಶೇಕಡಾಕ್ಕೂ ತುಸು ಹೆಚ್ಚು, ಉಳಿದ ಬೆಳಕು ಅರ್ಧಕ್ಕಿಂತ ಕಡಿಮೆ. ಅಪ್ಪ ಹತ್ತು ವರ್ಷದಿಂದ ಹೇಳುತ್ತಿದ್ದದ್ದು ಅಕ್ಷರಶಃ ನಿಜವಾಗಿತ್ತು.

ಹೋದ ವೋಲ್ಟ್ ಸುಮ್ಮನೆ ಹೋಗುವುದಿಲ್ಲ, ಶಾಖವಾಗುತ್ತದೆ. 2.7 ವೋಲ್ಟ್, ಸುಮಾರು 9 ಆಂಪಿಯರ್, ಅಂದರೆ 24 ವ್ಯಾಟ್. ರೇಡಿಯೋ ರಿಪೇರಿಯವರು ಬಳಸುವ ಸೋಲ್ಡರಿಂಗ್ ಕಡ್ಡಿ 25 ವ್ಯಾಟಿನದು. ಅಂಥದೊಂದು ಕಡ್ಡಿಯ ಶಾಖವನ್ನು ಹಳೆಯ ವೈರು, ಸ್ವಿಚ್ಚುಗಳ ನಡುವೆ ಹಂಚಿ ಇಟ್ಟುಕೊಂಡು ಓಡಾಡುತ್ತಿದ್ದೆವು. ನಾನು 100 ವ್ಯಾಟಿನ ಬಲ್ಬ್ ಹಾಕಿ ಆ ಶಾಖವನ್ನು ಇನ್ನಷ್ಟು ಏರಿಸಿದ್ದೆ. ದಾರಿ ಅದೇ, ಕರೆಂಟ್ ಹೆಚ್ಚು, ಸೋರಿಕೆಯೂ ಹೆಚ್ಚು. ಬೆಳಕಿಗೆಂದು ಕೊಟ್ಟ ದುಡ್ಡು ಸ್ವಿಚ್ ಸುಡುವುದಕ್ಕೆ ಹೋಗಿತ್ತು.

ಪಂಪ್‌ಸೆಟ್ ಸ್ಟಾರ್ಟರ್ ಬಲ್ಲವರಿಗೆ ರಿಲೇ ಗೊತ್ತು

ಪರಿಹಾರದ ಹೆಸರು ರಿಲೇ. ಹೆಸರು ಕೇಳಿ ಹೆದರಬೇಕಿಲ್ಲ. ಊರಲ್ಲಿ ಹೊಲದ ಪಂಪ್‌ಸೆಟ್ ಸ್ಟಾರ್ಟರ್ ನೋಡಿದ್ದೀರಲ್ಲ? ಹಸಿರು ಗುಂಡಿ ಒತ್ತಿದರೆ ಒಳಗೆ 'ಖಟ್' ಎಂದು ಸದ್ದಾಗಿ ಮೋಟಾರ್ ಶುರುವಾಗುತ್ತದೆ. ಮೋಟಾರಿನ ದೊಡ್ಡ ಕರೆಂಟ್ ನೀವು ಒತ್ತಿದ ಗುಂಡಿಯ ಮೂಲಕ ಹೋಗುವುದಿಲ್ಲ. ಗುಂಡಿ ಒಂದು ಸುರುಳಿಗೆ ಸಣ್ಣ ಕರೆಂಟ್ ಕೊಡುತ್ತದೆ, ಸುರುಳಿ ಅಯಸ್ಕಾಂತವಾಗಿ ದೊಡ್ಡ ಸಂಪರ್ಕವನ್ನು ಎಳೆದು ಕೂಡಿಸುತ್ತದೆ. ಕಾರಿನ ರಿಲೇ ಅದೇ ಯಂತ್ರದ ಬೆಂಕಿಪೊಟ್ಟಣದಷ್ಟು ಚಿಕ್ಕ ರೂಪ.

ಅದರ ಕೆಳಗೆ ನಾಲ್ಕು ಪಿನ್, ಮೇಲೆ ಅಂಕಿ ಬರೆದಿರುತ್ತದೆ. 85 ಮತ್ತು 86 ಸುರುಳಿಯವು. 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ಬಂದ ದಪ್ಪ ವೈರ್. 87ರಿಂದ ದೀಪಕ್ಕೆ. ಹಳೆಯ ಹೆಡ್‌ಲೈಟ್ ವೈರ್ ಈಗ 86ಕ್ಕೆ ಬಂದು ಕೂರುತ್ತದೆ, 85 ಅರ್ಥಿಂಗ್‌ಗೆ. ಹತ್ತು ಆಂಪಿಯರ್ ಹೊರುತ್ತಿದ್ದ ಹಳೆಯ ಸ್ವಿಚ್ಚಿಗೆ ಈಗ ಉಳಿದ ಹೊರೆ ಕಾಲು ಆಂಪಿಯರಿಗಿಂತಲೂ ಕಡಿಮೆ. ಹೈ ಬೀಮಿಗೆ ಒಂದು ರಿಲೇ, ಡಿಪ್‌ಗೆ ಇನ್ನೊಂದು.

ನಮ್ಮ ಗಾಡಿಗೆ ಮೇಸ್ತ್ರಿ ಮಾಡಿದ್ದು ಇಷ್ಟು. 2.5 ಚದರ ಮಿ.ಮೀ. ತಾಮ್ರದ ವೈರ್ ತಂದರು. ಈ ದಪ್ಪದ ವೈರಿನಲ್ಲಿ 10 ಆಂಪಿಯರ್ ಮೂರು ಮೀಟರ್ ಹರಿದರೆ ಕಳೆಯುವುದು ಕಾಲು ವೋಲ್ಟಿಗಿಂತ ಕಡಿಮೆ. ಬ್ಯಾಟರಿಯಿಂದ ಒಂದು ಗೇಣಿನ ಒಳಗೇ ಫ್ಯೂಸ್ ಇಟ್ಟರು, ಹೈ ಬೀಮಿಗೆ 15 ಆಂಪಿಯರ್, ಡಿಪ್‌ಗೆ ಬೇರೆ 15. ಒಂದು ಸುಟ್ಟರೂ ಇನ್ನೊಂದು ಉಳಿಯಲಿ ಎಂದು. ರಿಲೇಗಳನ್ನು ರೇಡಿಯೇಟರ್ ಪಕ್ಕದ ತಗಡಿಗೆ, ಪಿನ್ ಕೆಳಮುಖವಾಗಿ ಕೂಡಿಸಿದರು, ಮಳೆನೀರು ನಿಲ್ಲಬಾರದು. ಎರಡೂ ದೀಪದಿಂದ ಹೊಸ ಅರ್ಥಿಂಗ್ ವೈರ್ ಎಳೆದು, ಪೇಂಟ್ ಕೆರೆದು ಹೊಳಪು ಬಂದ ತಗಡಿಗೆ ಬೋಲ್ಟ್ ಹಾಕಿ, ಅಲ್ಲಿಂದ ಬ್ಯಾಟರಿ ನೆಗೆಟಿವ್‌ಗೆ ಇನ್ನೊಂದು ವೈರ್. ರಿಲೇ ಹಾಕಿಸುವವರಲ್ಲಿ ಅರ್ಧ ಮಂದಿ ಮರೆಯುವುದು ಈ ಅರ್ಥಿಂಗ್ ಕೆಲಸವನ್ನೇ. ನಮ್ಮ ಗಾಡಿಯಲ್ಲಿ ಹೋದ 2.7ರಲ್ಲಿ 0.8 ಅಲ್ಲೇ ಸೋರಿತ್ತು ಎಂಬುದನ್ನು ನೆನಪಿಡಿ.

ಗಾಡಿಯ ಒಂದೇ ಒಂದು ಹಳೆಯ ವೈರನ್ನೂ ಕತ್ತರಿಸಲಿಲ್ಲ. ಬಲ್ಬಿನ ಹಿಂದೆ ಸಿಕ್ಕಿಸುವ ಹಳೆಯ ಸಾಕೆಟ್ಟಿಗೆ ಅದೇ ಅಳತೆಯ ಪಿನ್ ಮಾಡಿ ಅಲ್ಲಿಂದ ರಿಲೇಗೆ ಸೂಚನೆ ತೆಗೆದುಕೊಂಡರು. ನಾಳೆ ಬೇಡವೆಂದರೆ ಹತ್ತು ನಿಮಿಷದಲ್ಲಿ ಬಿಚ್ಚಿ ಮೊದಲಿನ ಹಾಗೆ ಮಾಡಬಹುದು.

ಮತ್ತೆ ಮೀಟರ್ ಹಿಡಿದರು. ಬ್ಯಾಟರಿ 13.1, ಬಲ್ಬ್ 12.7. ಅದೇ ಬಲ್ಬ್, ಅದೇ ಡೈನಮೊ, ಬೆಳಕು ಹೆಚ್ಚುಕಡಿಮೆ ಎರಡು ಪಟ್ಟು. ಸಾಮಾನು, ಮಜೂರಿ ಸೇರಿ ನಾನು ಕೊಟ್ಟದ್ದು 1,800 ರೂಪಾಯಿ.

ಕೆಲವು ಆಕ್ಷೇಪಗಳು

ಹಳೆ ಕಾರಿನ ಗೆಳೆಯರ ಗುಂಪಿನಲ್ಲಿ ಇದನ್ನು ಹೇಳಿದಾಗ ಮೊದಲು ಬಂದ ಮಾತು: 'ಒರಿಜಿನಾಲಿಟಿ ಹಾಳು ಮಾಡಿಬಿಟ್ರಲ್ಲ!' ಈ ವಾದದ ಬಗ್ಗೆ ನನಗೆ ಗೌರವವಿದೆ. ಮುಂಬೈನ ಕುರ್ಲಾದಲ್ಲಿ 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂದು ಶುರುವಾಗಿ, ಎಪ್ಪತ್ತರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆದ ಗಾಡಿ ಇದು. 2023ರ ಅಕ್ಟೋಬರ್ 30ಕ್ಕೆ ಮುಂಬೈನ ಕೊನೆಯ ಪದ್ಮಿನಿ ಟ್ಯಾಕ್ಸಿಯ ಇಪ್ಪತ್ತು ವರ್ಷದ ಅವಧಿಯೂ ಮುಗಿಯಿತು. ಇನ್ನು ಉಳಿದಿರುವುದು ನಮ್ಮಂಥವರ ಮನೆಯಲ್ಲಿ ಮಾತ್ರ. ಅದನ್ನು ಹಾಗೆಯೇ ಕಾಪಾಡಬೇಕು, ಸರಿ.

ಆದರೆ ಯಾವುದು ಹಾಗೆಯೇ? ಅಪ್ಪನನ್ನು ಪುಣೆಗೆ ಕರೆತಂದಾಗ ಗಾಡಿಯೂ ಬಂತು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿಯ ನೋಂದಣಿ ಮಾಡಿಸಬೇಕು ಎಂದು ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಹೇಳುತ್ತದೆ. ಎನ್‌ಒಸಿ ತಂದು, ತೆರಿಗೆ ಕಟ್ಟಿ, ನಂಬರ್ ಬದಲಿಸಿದೆವು. ನಲವತ್ತು ವರ್ಷ ಹುಬ್ಬಳ್ಳಿಯಲ್ಲಿ ಓಡಾಡಿದ ನಂಬರ್ ಫಲಕವನ್ನು ಅಪ್ಪ ಹಳೆಯ ಪೇಪರಿನಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾರೆ. ಟೈರ್, ಬ್ಯಾಟರಿ, ಸೀಟಿನ ಬಟ್ಟೆ ಎಲ್ಲ ಬದಲಾಗಿವೆ. ಅದಕ್ಕೆ ಯಾರೂ ಆಕ್ಷೇಪಿಸಲಿಲ್ಲ. ಬಾನೆಟ್ ಒಳಗೆ ಕಾಣದ ಹಾಗೆ ಕೂತ ಎರಡು ರಿಲೇಗೆ ಮಾತ್ರ ಆಕ್ಷೇಪವೇ? ನಿಜ ಹೇಳಬೇಕೆಂದರೆ ಈ ರಿಲೇಗಳೇ ಮೂಲ ಸ್ವಿಚ್ಚನ್ನು ಉಳಿಸುತ್ತಿವೆ. ಆ ಸ್ವಿಚ್ ಸುಟ್ಟರೆ ಮತ್ತೊಂದು ಸಿಗುವುದು ಗುಜರಿಯಲ್ಲಿ ಮಾತ್ರ, ಅದೂ ಅದೃಷ್ಟವಿದ್ದರೆ.

ಎರಡನೇ ಮಾತು ಕಾನೂನಿನದು. ಅದೇ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವುದನ್ನು ತಡೆಯುತ್ತದೆ. ರಿಲೇ ಹಾಕುವುದರಿಂದ ಆರ್‌ಸಿಯಲ್ಲಿರುವ ಯಾವ ವಿವರವೂ ಬದಲಾಗುವುದಿಲ್ಲ. ಬಲ್ಬ್ ಅದೇ, ವ್ಯಾಟ್ ಅದೇ. ನಾವು ಮಾಡುತ್ತಿರುವುದು ಕಾರ್ಖಾನೆಯಿಂದ ಹೊರಟ ದಿನ ಆ ದೀಪಕ್ಕೆ ಸಿಗುತ್ತಿದ್ದ ಕರೆಂಟನ್ನು ಮತ್ತೆ ಕೊಡುವುದು.

ಮೂರನೆಯದು, 'ರಿಲೇ ಕೈಕೊಟ್ಟರೆ?' ಕೊಡಬಹುದು, ಯಾವ ಯಂತ್ರವೂ ಅಮರವಲ್ಲ. ಹಾಗಾಗಿ ಡಿಕ್ಕಿಯಲ್ಲಿ ಒಂದು ಹೆಚ್ಚುವರಿ ರಿಲೇ, ನಾಲ್ಕು ಫ್ಯೂಸ್ ಇಟ್ಟುಕೊಳ್ಳಿ. ಪಿನ್ ಕಿತ್ತು ಹೊಸದು ಸಿಕ್ಕಿಸುವುದು ಅಷ್ಟೇ ಕೆಲಸ. ಸುಟ್ಟ ಸ್ವಿಚ್ಚನ್ನು ಖಂಬಾಟ್ಕಿ ಘಾಟಿನಲ್ಲಿ ನಡುರಾತ್ರಿ ಬದಲಿಸಲು ಆಗುವುದಿಲ್ಲ.

ರಿಲೇಯಿಂದ ಆಗದ್ದನ್ನೂ ಹೇಳಬೇಕು. ಡೈನಮೊ ಗಾಡಿಯಲ್ಲಿ ಸಿಗ್ನಲ್ಲಿನಲ್ಲಿ ನಿಂತಾಗ ದೀಪ ಮಂಕಾಗುತ್ತದೆ, ಅದು ರಿಲೇಯಿಂದ ಹೋಗುವುದಿಲ್ಲ. ಡೈನಮೊ ನಿಧಾನಕ್ಕೆ ತಿರುಗಿದರೆ ಕರೆಂಟ್ ಮಾಡುವುದಿಲ್ಲ, ಅಷ್ಟೇ. ಪೂರ್ತಿ ವೋಲ್ಟ್ ಸಿಕ್ಕ ಬಲ್ಬ್ ಮೊದಲಿಗಿಂತ ಬೇಗ ಸುಡುತ್ತದೆ, ವರ್ಷಕ್ಕೊಂದು ಜೋಡಿ ಹೆಚ್ಚು ಬೇಕಾದೀತು. ಒಳಗೆ ಬೆಳ್ಳಿ ಹೋಗಿ ಕಂದಿದ ರಿಫ್ಲೆಕ್ಟರಿಗೆ ಯಾವ ರಿಲೇಯೂ ಹೊಳಪು ಕೊಡುವುದಿಲ್ಲ. ಪೇಟೆಯಲ್ಲಿ ತಯಾರಾಗಿ ಸಿಗುವ ಅಗ್ಗದ ವೈರಿಂಗ್ ಕಿಟ್ ಕೊಳ್ಳುವ ಮುನ್ನ ಒಂದು ತುದಿ ಸುಲಿದು ನೋಡಿ. ಮೇಲಿನ ಹೊದಿಕೆ ದಪ್ಪ, ಒಳಗಿನ ತಾಮ್ರ ನಾಲ್ಕೆಳೆ ಎಂಬಂಥವು ಬೇಕಾದಷ್ಟಿವೆ. ಬ್ಯಾಟರಿ ಪಕ್ಕ ಫ್ಯೂಸ್ ಇಲ್ಲದ ರಿಲೇ ವೈರಿಂಗಂತೂ ಬೇಡವೇ ಬೇಡ. ಆ ವೈರ್ ಎಲ್ಲಾದರೂ ಉಜ್ಜಿ ತಗಡಿಗೆ ತಾಗಿದರೆ ಗಾಡಿಗೆ ಬೆಂಕಿ ಹತ್ತುತ್ತದೆ.

ಎದುರಿನವರ ಕಣ್ಣು

ರಾತ್ರಿ ಎಂಟರ ಮೇಲೆ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಓಡಿಸಿದವರಿಗೆ ಒಂದು ಕಷ್ಟ ಗೊತ್ತು. ನಮಗೆ ರಸ್ತೆ ಕಾಣುವುದಿಲ್ಲ, ಎದುರಿನಿಂದ ಬರುವ ಗಾಡಿಗಳು ಮಾತ್ರ ಕಣ್ಣಿಗೆ ಸೂಜಿ ಚುಚ್ಚುತ್ತವೆ. ಹಳೆಯ ದೀಪದ ಒಳಗೆ ಎಲ್‌ಇಡಿ ಸಿಕ್ಕಿಸಿಕೊಂಡವರು, 100 ವ್ಯಾಟ್ ಹಾಕಿದವರು, ಡಿಪ್ ಎಂಬುದು ಇದೆಯೆಂದೇ ತಿಳಿಯದವರು.

ಎಚ್4 ಬಲ್ಬಿನೊಳಗೆ ಎರಡು ತಂತಿ ಇವೆ. ಡಿಪ್ ತಂತಿಯ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲು. ಬೆಳಕು ಮೇಲಕ್ಕೆ ಹೋಗಿ ಎದುರಿನವನ ಕಣ್ಣಿಗೆ ಹೊಡೆಯದ ಹಾಗೆ ತಡೆಯುವುದು ಅದೇ. ಗಾಜು, ರಿಫ್ಲೆಕ್ಟರ್ ಎಲ್ಲವನ್ನೂ ಆ ತಂತಿ ಕೂತಿರುವ ಒಂದು ಬಿಂದುವಿಗೆ ಲೆಕ್ಕ ಹಾಕಿ ಮಾಡಿರುತ್ತಾರೆ. ಅಲ್ಲಿ ಬೇರೆ ಆಕಾರದ ದೀಪ ಸಿಕ್ಕಿಸಿದರೆ ಬೆಳಕು ಎಲ್ಲೆಂದರಲ್ಲಿ ಚೆಲ್ಲುತ್ತದೆ. ಓಡಿಸುವವನಿಗೆ 'ಆಹಾ, ಬೆಳ್ಳಗಿದೆ' ಎನಿಸುತ್ತದೆ. ಎದುರಿನ ಬೈಕಿನವನಿಗೆ ಎರಡು ಸೆಕೆಂಡ್ ಏನೂ ಕಾಣುವುದಿಲ್ಲ.

60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ 25 ಮೀಟರ್, ಹಳೆಯ ಡ್ರಮ್ ಬ್ರೇಕ್ ಹಿಡಿದು ನಿಲ್ಲುವಷ್ಟರಲ್ಲಿ ಇನ್ನೊಂದು 25-30 ಮೀಟರ್. ಅಂದರೆ ಕನಿಷ್ಠ 50 ಮೀಟರ್ ಮುಂದಿನದು ಕಾಣಲೇಬೇಕು. ನಮ್ಮ ಗಾಡಿಯಲ್ಲಿ ಆ ರಾತ್ರಿ ಕಾಣುತ್ತಿದ್ದದ್ದು ಅಷ್ಟಿರಲಿಲ್ಲ. ನಾವು ಉಳಿದದ್ದು 40ರ ವೇಗದಲ್ಲಿ ಇದ್ದೆವು ಎಂಬ ಒಂದೇ ಕಾರಣಕ್ಕೆ.

ಈ ಕೊರತೆಯನ್ನು ಎದುರಿನವರ ಕಣ್ಣು ಕುರುಡು ಮಾಡಿ ತುಂಬಿಕೊಳ್ಳುವ ಹಕ್ಕು ನಮಗಿಲ್ಲ. ರಿಲೇಯನ್ನು ನಾನು ಇಷ್ಟು ಒತ್ತಿ ಹೇಳುತ್ತಿರುವುದು ಇದಕ್ಕೇ. ಅದು ನಮಗೆ ಬೆಳಕು ಕೊಡುತ್ತದೆ, ಡಿಪ್ಪಿನ ಗೆರೆಯನ್ನು ಕೆಡಿಸುವುದಿಲ್ಲ. ಆದರೆ ಬೆಳಕು ಇಮ್ಮಡಿಯಾದ ಮೇಲೆ ದೀಪದ ದಿಕ್ಕು ಸರಿಮಾಡಿಸಲೇಬೇಕು. ಗಾಡಿಯನ್ನು ಸಮತಟ್ಟು ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ, ಡಿಪ್ ಹಾಕಿ. ಬೆಳಕಿನ ಮೇಲಂಚು ದೀಪದ ಎತ್ತರಕ್ಕಿಂತ ಸುಮಾರು 10 ಸೆಂ.ಮೀ. ಕೆಳಗಿರಬೇಕು. ಊರಿಗೆ ಹೊರಟಾಗ ಡಿಕ್ಕಿಯಲ್ಲಿ ಅಕ್ಕಿ ಮೂಟೆ, ಹಿಂದಿನ ಸೀಟಿನಲ್ಲಿ ಮೂರು ಮಂದಿ ಇರುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಿಂಭಾಗ ಕುಸಿದರೆ ದೀಪ ಆಕಾಶ ನೋಡುತ್ತದೆ.

ಫಿಟ್‌ನೆಸ್ ತಪಾಸಣೆಗೆ ಗಾಡಿ ಒಯ್ದಾಗ ದೀಪ ಹಾಕಿ ಆರಿಸಿ ತೋರಿಸಿದ್ದೆ, 'ಸರಿ' ಎಂದು ಗುರುತು ಹಾಕಿದ್ದರು. ಅರ್ಧ ಬೆಳಕಿನ ದೀಪವೂ ಉರಿಯುವ ದೀಪವೇ ತಾನೆ. ಹಳೆಯ ಗಾಡಿಗಳಿಗೆ ಶುಲ್ಕ ಏರಿಸುವಾಗ ತೋರುವ ಆಸಕ್ತಿಯನ್ನು ದೀಪ ಎಷ್ಟು ಬೆಳಗುತ್ತದೆ, ಎತ್ತ ಬೆಳಗುತ್ತದೆ ಎಂದು ಅಳೆಯುವುದರಲ್ಲೂ ತೋರಿಸಲಿ ಎಂಬುದು ನನ್ನ ಬೇಡಿಕೆ. ಅಳೆಯುವವರಿಲ್ಲದ ತನಕ ಮಾಲೀಕನೇ ಅಳೆದುಕೊಳ್ಳಬೇಕು. ಒಂದು ಸಾದಾ ಮಲ್ಟಿಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ.

ಹಬ್ಬಕ್ಕೆ ಹೊರಡುವ ಮುನ್ನ

ದೀಪಾವಳಿಗೆ ನಮ್ಮಲ್ಲಿ ಎಷ್ಟು ಮಂದಿ ಮುಂಬೈ, ಪುಣೆ, ಹೈದರಾಬಾದ್, ಚೆನ್ನೈಗಳಿಂದ ರಾತ್ರೋರಾತ್ರಿ ಊರಿನ ದಾರಿ ಹಿಡಿಯುತ್ತೇವೆ! ಆಫೀಸ್ ಮುಗಿಸಿ ಹೊರಟರೆ ಅರ್ಧ ದಾರಿ ಕತ್ತಲಲ್ಲೇ. ಅದೇ ಹೊತ್ತಿಗೆ ಕಬ್ಬಿನ ಟ್ರ್ಯಾಕ್ಟರುಗಳೂ ರಸ್ತೆಗೆ ಇಳಿಯುತ್ತವೆ. ಹೊರಡುವ ಮುನ್ನದ ಭಾನುವಾರ ಒಂದು ಗಂಟೆ ತೆಗೆದಿಡಿ. ದೀಪ ಹಾಕಿ, ಬ್ಯಾಟರಿಯಲ್ಲಿ ಎಷ್ಟು, ಬಲ್ಬಿನಲ್ಲಿ ಎಷ್ಟು ನೋಡಿ. ವ್ಯತ್ಯಾಸ ಅರ್ಧ ವೋಲ್ಟ್ ಇದ್ದರೆ ನೆಮ್ಮದಿಯಾಗಿ ಹೊರಡಿ. ಒಂದು ವೋಲ್ಟ್ ದಾಟಿದ್ದರೆ ಹೊಸ ಬಲ್ಬಿಗೆ ದುಡ್ಡು ಹಾಕಬೇಡಿ, ಒಳ್ಳೆಯ ವೈರಿಂಗ್ ಮೇಸ್ತ್ರಿಯನ್ನು ಹುಡುಕಿ. ಅಂಥವರು ಕಡಿಮೆಯಾಗುತ್ತಿದ್ದಾರೆ. ನಮ್ಮ ಮೇಸ್ತ್ರಿಯ ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಅವರಿಗೆ ಕೆಲಸ ಕೊಡುವುದೂ, ಕೇಳಿದ ಮಜೂರಿಯನ್ನು ಚೌಕಾಸಿ ಮಾಡದೆ ಕೊಡುವುದೂ ಹಳೆಯ ಗಾಡಿ ಉಳಿಸುವ ಕೆಲಸದಲ್ಲೇ ಸೇರಿದೆ.

ರಿಲೇ ಹಾಕಿಸಿದ ವಾರ ಮತ್ತೆ ಊರಿಗೆ ಹೊರಟೆವು. ಬೆಳಗಾವಿಯಲ್ಲಿ ಊಟಕ್ಕೆ ನಿಲ್ಲಿಸಿ ಮರಳಿ ಗಾಡಿ ಹತ್ತಿರ ಬಂದಾಗ ಅಪ್ಪ ಬಲಗಡೆಯ ಬಾಗಿಲ ಹತ್ತಿರ ನಿಂತಿದ್ದರು. ಕೈ ಚಾಚಿ 'ಚಾವಿ ಕೊಡು' ಎಂದರು. ನಾನು ಒಂದು ಕ್ಷಣ ಹಿಂದೆಮುಂದೆ ನೋಡಿದೆ. ಹತ್ತು ವರ್ಷದ ಹಿಂದೆ ಅಳೆಯದೆ ತೀರ್ಪು ಕೊಟ್ಟಿದ್ದವರಲ್ಲಿ ನಾನೂ ಒಬ್ಬ. ಕೊಟ್ಟೆ.

ಕಿತ್ತೂರು ದಾಟುವ ತನಕ ಅವರೇ ಓಡಿಸಿದರು, ಐವತ್ತು ದಾಟಿಸಲಿಲ್ಲ. ಎದುರಿಗೆ ಗಾಡಿ ಕಂಡಾಗಲೆಲ್ಲ ತಪ್ಪದೆ ಡಿಪ್ ಮಾಡಿದರು. ಪ್ರತಿ ಸಲವೂ ಬಾನೆಟ್ ಒಳಗಿಂದ 'ಖಟ್' ಎಂಬ ಸಣ್ಣ ಸದ್ದು. ಧಾರವಾಡ ಇನ್ನೂ ದೂರ ಇರುವಾಗ ಗಾಡಿ ಬದಿಗೆ ನಿಲ್ಲಿಸಿ, 'ಸಾಕಪಾ, ಇನ್ನ ನೀ ಹೊಡಿ' ಎಂದು ಇಳಿದರು. ಪಕ್ಕಕ್ಕೆ ಬಂದು ಕೂತು ಬೆಲ್ಟ್ ಕಟ್ಟಿಕೊಳ್ಳುತ್ತ ಹೇಳಿದರು: 'ಕಣ್ಣು ನೆಟ್ಟಗ ಅದಾವು ನೋಡು.'